ಚೆಕ್ಕು ತಂದವನು ಕೊಟ್ಟ ನಂಬರು

(ಮಾತಾಡುವವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಸೈಬರ್ ಪ್ರಕರಣಗಳನ್ನು ನಡೆಸುವ ವಕೀಲೆ. ಭಾನುವಾರ, ಊಟ ಮುಗಿದ ಮೇಲಿನ ಹೊತ್ತು.)

ದೊಡ್ಡಪ್ಪ: ಎಸ್‌ಪಿಬಿ ಹೋದ ಮೇಲೆ ಹೊಸ ಹಾಡು ಹಾಡಿದ್ದಾರೆ, ಕೇಳಿದೆಯೇನಮ್ಮ? ಯಾರೋ ವಾಟ್ಸ್ಯಾಪಿಗೆ ಹಾಕಿದ್ದರು. ಕಣ್ಣು ಮುಚ್ಚಿ ಕೇಳಿದರೆ ಅವರೇ. ಸಾಲಿನ ನಡುವೆ ಸಣ್ಣಗೆ ನಗ್ತಿದ್ದರಲ್ಲ, ಅದೂ ಬಂದಿದೆ.

ವಕೀಲೆ: ಆ ನಗು ಯಂತ್ರದ್ದು, ದೊಡ್ಡಪ್ಪ. ‘ಕೀಡಾ ಕೋಲಾ’ ಅನ್ನೋ ತೆಲುಗು ಸಿನಿಮಾದಲ್ಲಿ ಅವರ ದನಿಯನ್ನು ಹೀಗೇ ಎಐನಿಂದ ಮಾಡಿಸಿ ಬಳಸಿದರು ಅಂತ ಮಗ ಚರಣ್ 2024ರಲ್ಲಿ ನೋಟಿಸ್ ಕೊಟ್ಟರು. ಮನೆಯವರನ್ನು ಒಂದು ಮಾತು ಕೇಳಲಿಲ್ಲ ಅನ್ನೋದು ಅವರ ತಕರಾರು. ಅದೇ ಹೊತ್ತಿಗೆ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರದಲ್ಲಿ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು. ಅವರು ಮನೆಯವರ ಒಪ್ಪಿಗೆ ಪಡೆದಿದ್ದರು, ಸಂಭಾವನೆಯನ್ನೂ ಕೊಟ್ಟಿದ್ದರು.

ದೊಡ್ಡಪ್ಪ: ಸರಿ, ಅವರು ದೊಡ್ಡ ಗಾಯಕರು. ಸಾವಿರಾರು ಹಾಡಿನ ರೆಕಾರ್ಡಿಂಗ್ ಇದೆ, ಯಂತ್ರಕ್ಕೆ ಕಲಿಸಬಹುದು. ನನ್ನಂಥವನ ದನಿ ಯಾರ ಹತ್ತಿರ ಇದೆ?

ವಕೀಲೆ: ಸಾವಿರಾರು ಹಾಡು ಬೇಕಿದ್ದ ಕಾಲ ಮುಗಿಯಿತು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಪ್ರಯೋಗಾಲಯದ ಒಂದು ಮಾದರಿಯನ್ನು ತೋರಿಸಿದರು. ಅದಕ್ಕೆ ಮೂರು ಸೆಕೆಂಡಿನ ದನಿ ಸಾಕಿತ್ತು. ನೀವು ‘ಹಲೋ, ಯಾರು ಬೇಕಿತ್ತು, ರಾಂಗ್ ನಂಬರ್’ ಅನ್ನೋಷ್ಟರಲ್ಲಿ ಮೂರು ಸೆಕೆಂಡ್ ಆಗಿರುತ್ತೆ. ಆದರೂ ನಿಮ್ಮ ದನಿ ಕದ್ದು ಅವರಿಗೆ ಏನಾಗಬೇಕು? ಅವರಿಗೆ ಬೇಕಿರೋದು ಡಬ್ಲಿನ್ನಿನಲ್ಲಿರೋ ಅಣ್ಣನ ದನಿ. ನಿಮ್ಮಿಂದ ಬೇಕಿರೋದು ದುಡ್ಡು.

ದೊಡ್ಡಪ್ಪ: ಹೆತ್ತ ಮಗನ ದನಿ ಗೊತ್ತಾಗದಷ್ಟು ನನ್ನ ಕಿವಿ ಇನ್ನೂ ಮಂದವಾಗಿಲ್ಲ.

ವಕೀಲೆ: ಅಮೆರಿಕದ ಅರಿಜೋನಾದ ಒಬ್ಬ ತಾಯಿಯೂ ಹಾಗೇ ಅಂದುಕೊಂಡಿದ್ದರು. ಮಗಳು ಹಿಮದಲ್ಲಿ ಸ್ಕೀಯಿಂಗ್ ಮಾಡೋಕೆ ಹೋಗಿದ್ದಳು. ಅಪರಿಚಿತ ನಂಬರಿನಿಂದ ಫೋನು, ಆ ಕಡೆ ಮಗಳು ಅಳ್ತಿದ್ದಾಳೆ, ಆಮೇಲೆ ಗಂಡಸೊಬ್ಬ ಹತ್ತು ಲಕ್ಷ ಡಾಲರ್ ಕೇಳ್ತಾನೆ. ಮಗಳು ಇದ್ದಲ್ಲಿ ಕ್ಷೇಮವಾಗಿದ್ದಳು. 2023ರ ಜೂನಿನಲ್ಲಿ ಆ ತಾಯಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಅದು ತನ್ನ ಮಗಳ ದನಿ ಅನ್ನೋದರಲ್ಲಿ ಆಗ ತನಗೆ ಸ್ವಲ್ಪವೂ ಅನುಮಾನ ಬರಲಿಲ್ಲ ಅಂದರು. ಯೋಚನೆ ಮಾಡಿ, ಅಳೋವಾಗ ಯಾರ ದನಿಯೂ ಎಂದಿನಂತೆ ಇರಲ್ಲ. ಅಳ್ತಿರೋ ಮಗುವಿನ ದನಿಯನ್ನು ಯಾವ ತಾಯಿ ತಾಳೆ ನೋಡ್ತಾ ಕೂತಿರ್ತಾಳೆ?

ದೊಡ್ಡಪ್ಪ: ವಿಡಿಯೊ ಕಾಲ್ ಮಾಡು ಅನ್ನಬೇಕು. ಮುಖ ತೋರಿಸು ಅಂದರೆ ಮುಗೀತು.

ವಕೀಲೆ: ಕೋಯಿಕ್ಕೋಡಿನ ಹಿರಿಯರೊಬ್ಬರು ಅದನ್ನೇ ಮಾಡಿದ್ದರು. 2023ರ ಜುಲೈ. ಕೋಲ್ ಇಂಡಿಯಾದಿಂದ ನಿವೃತ್ತರಾದವರು, ಹೆಚ್ಚುಕಡಿಮೆ ನಿಮ್ಮ ಹಾಗೇ. ಹಳೇ ಸಹೋದ್ಯೋಗಿಯ ಹೆಸರಲ್ಲಿ ವಾಟ್ಸ್ಯಾಪ್ ಮೆಸೇಜು ಬಂತು, ಹತ್ತಿರದವರ ಶಸ್ತ್ರಚಿಕಿತ್ಸೆಗೆ 40 ಸಾವಿರ ಬೇಕು ಅಂತ. ಇವರಿಗೆ ಅನುಮಾನ ಬಂತು. ಸ್ವಲ್ಪ ಹೊತ್ತಿಗೆ ವಿಡಿಯೊ ಕಾಲ್ ಬಂತು, ಅದೇ ಗೆಳೆಯನ ಮುಖ, ತುಟಿ ಆಡ್ತಿದೆ, ಇಂಗ್ಲಿಷಿನಲ್ಲಿ ಮಾತಾಡ್ತಿದ್ದಾನೆ. ಅರ್ಧ ನಿಮಿಷವೂ ಇರಲಿಲ್ಲ ಆ ಕರೆ. ಇವರು ದುಡ್ಡು ಕಳಿಸಿದರು. ಅಷ್ಟಕ್ಕೇ ನಿಂತಿದ್ದರೆ ಅವರಿಗೆ ಇವತ್ತಿಗೂ ಗೊತ್ತಾಗ್ತಿರಲಿಲ್ಲವೇನೋ. ಇನ್ನೂ 35 ಸಾವಿರ ಬೇಕು ಅಂದಾಗ ಗೆಳೆಯನ ಹಳೇ ನಂಬರಿಗೆ ಇವರೇ ಫೋನ್ ಮಾಡಿದರು. ಆತ, ನಾನು ನಿನ್ನನ್ನು ಏನೂ ಕೇಳೇ ಇಲ್ಲವಲ್ಲ ಅಂದ. ಕೇರಳದ ಸೈಬರ್ ಪೊಲೀಸರು ಆ ಹಣವನ್ನು ವಾಪಸ್ ಹಿಡಿದುಕೊಟ್ಟರು, ಅದು ಬೇರೆ ಮಾತು.

ದೊಡ್ಡಪ್ಪ: ಗಮನ ಇಟ್ಟು ನೋಡಿದ್ದರೆ ಗೊತ್ತಾಗ್ತಿತ್ತು. ರೆಪ್ಪೆ ಬಡಿಯಲ್ಲವಂತೆ, ಬೆರಳು ಆರು ಇರುತ್ತಂತೆ. ಪೇಪರಿನಲ್ಲಿ ಓದಿದ್ದೇನೆ.

ವಕೀಲೆ: ರೆಪ್ಪೆಯ ಮಾತು 2018ರದ್ದು. ಅಮೆರಿಕದ ಆಲ್ಬನಿಯ ಸಂಶೋಧಕರು ನಕಲಿ ಮುಖಗಳು ಸರಿಯಾಗಿ ರೆಪ್ಪೆ ಬಡಿಯಲ್ಲ ಅಂತ ಕಂಡುಹಿಡಿದರು. ಕಾರಣವೂ ಸರಳ. ಯಂತ್ರ ಕಲಿತದ್ದು ಫೋಟೋಗಳಿಂದ, ಕಣ್ಣು ಮುಚ್ಚಿರೋ ಫೋಟೋವನ್ನು ನಾವು ಯಾರು ಇಟ್ಟುಕೊಳ್ತೀವಿ? ಆ ಸಂಶೋಧನೆ ಪ್ರಕಟ ಆದ ಮೇಲೆ ನಕಲು ಮಾಡೋರು ರೆಪ್ಪೆ ಬಡಿಸೋದನ್ನೂ ಕಲಿಸಿದರು. ಆರು ಬೆರಳಿನ ಕಥೆಯೂ ಅಷ್ಟೇ. ಇಂಥ ಗುರುತುಗಳನ್ನು ನಂಬಿಕೊಂಡು ಕೂರೋದು ಗುರುತು ಗೊತ್ತಿಲ್ಲದೆ ಇರೋದಕ್ಕಿಂತ ಅಪಾಯ. ಬೆರಳು ಎಣಿಸಿ, ಐದೇ ಇದೆ ಅಂತ ಧೈರ್ಯವಾಗಿ ದುಡ್ಡು ಕಳಿಸಿಬಿಡ್ತೀರಿ.

ದೊಡ್ಡಪ್ಪ: ಹಾಗಾದರೆ ಕಣ್ಣಿಗೂ ಕೆಲಸ ಇಲ್ಲ, ಕಿವಿಗೂ ಕೆಲಸ ಇಲ್ಲ. ಇನ್ನೇನು ಮೂಸಿ ನೋಡಬೇಕೇ?

ವಕೀಲೆ: ನಿಮ್ಮ ಬ್ಯಾಂಕಿನಲ್ಲಿ ಸಹಿ ತಾಳೆ ನೋಡ್ತಿದ್ದಿರಲ್ಲ, ಆಗ ಏನು ಮಾಡ್ತಿದ್ದಿರಿ? ದೊಡ್ಡ ಮೊತ್ತದ ಚೆಕ್ಕು, ಸಹಿ ಹೆಚ್ಚೂಕಡಿಮೆ ಸರಿಯಾಗಿದೆ, ಆದರೂ ಒಳಗೆ ಏನೋ ಚುಚ್ಚುತ್ತೆ.

ದೊಡ್ಡಪ್ಪ: ಸ್ಪೆಸಿಮನ್ ಕಾರ್ಡು ತೆಗೆಸಿ ನೋಡ್ತಿದ್ದೆವು. ಆದರೆ ನುರಿತ ಪಾಸಿಂಗ್ ಆಫೀಸರ್ ಯಾರೂ ಅದನ್ನೇ ಭೂತಗನ್ನಡಿ ಹಿಡಿದು ನೋಡ್ತಾ ಕೂತಿರ್ತಿರಲಿಲ್ಲ. ಚೆನ್ನಾಗಿ ಅಭ್ಯಾಸ ಮಾಡಿದವನು ಖಾತೆದಾರನಿಗಿಂತ ಚೆನ್ನಾಗಿ ಸಹಿ ಹಾಕ್ತಾನೆ. ನಿಜವಾದ ಖಾತೆದಾರನ ಸಹಿ ಒಂದೊಂದು ದಿನ ಒಂದೊಂದು ಥರ, ನಕಲಿಯದ್ದು ಅಚ್ಚು ಹಾಕಿದ ಹಾಗೆ. ಅನುಮಾನ ಬಂತೋ, ಪಾರ್ಟಿಗೆ ಫೋನು. ಅದೂ ನಮ್ಮ ಖಾತೆಯ ಫಾರಮ್ಮಿನಲ್ಲಿ ಬರೆದಿರೋ ನಂಬರಿಗೆ. ಚೆಕ್ಕು ತಂದವನು ‘ಸಾರ್, ಈ ನಂಬರಿಗೆ ಮಾಡಿ, ಅವರೇ ಎತ್ತುತ್ತಾರೆ’ ಅಂತ ಚೀಟಿ ಕೊಡ್ತಿದ್ದ ನೋಡು, ಆ ನಂಬರಿಗಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳಿಕೊಡ್ತಿದ್ದದ್ದೇ ಇದು.

ವಕೀಲೆ: ನಾನು ಹೇಳಬೇಕಿದ್ದದ್ದನ್ನ ನೀವೇ ಹೇಳಿದಿರಿ. ದನಿ ಸಹಿ ಅಷ್ಟೇ, ಮುಖವೂ ಸಹಿ ಅಷ್ಟೇ. ಎಷ್ಟು ಚೆನ್ನಾಗಿ ಹೋಲುತ್ತೆ ಅನ್ನೋದು ಲೆಕ್ಕಕ್ಕಿಲ್ಲ. ಬಂದ ಕರೆ ಇಡಿ, ನಿಮ್ಮ ಫೋನಿನಲ್ಲಿ ಮೊದಲಿಂದ ಇರೋ ಅಣ್ಣನ ನಂಬರಿಗೆ ನೀವೇ ಕರೆ ಮಾಡಿ. ಎತ್ತದಿದ್ದರೆ ಅತ್ತಿಗೆಗೆ. ಅವರೂ ಎತ್ತದಿದ್ದರೆ ನನಗೆ. ಕೋಯಿಕ್ಕೋಡಿನವರು ಎರಡನೇ ಸಲ ಮಾಡಿದ್ದನ್ನ ಮೊದಲನೇ ಸಲವೇ ಮಾಡೋದು.

ದೊಡ್ಡಪ್ಪ: ಗುಟ್ಟಿನ ಪದ ಇಟ್ಟುಕೊಳ್ಳಿ ಅಂತಲೂ ಹೇಳ್ತಾರಲ್ಲ?

ವಕೀಲೆ: ಹೌದು, 2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಅದನ್ನೇ ಹೇಳಿತು. ಇರಲಿ, ಒಳ್ಳೆಯದೇ. ಏನು ಇಡ್ತೀರಿ?

ದೊಡ್ಡಪ್ಪ: ಮನೆದೇವರ ಹೆಸರು.

ವಕೀಲೆ: ಮನೆದೇವರ ಜಾತ್ರೆಯ ಫೋಟೋ ಪ್ರತಿವರ್ಷ ಫೇಸ್‌ಬುಕ್ಕಿಗೆ ಹಾಕೋದು ನೀವೇ ಅಲ್ವಾ? ನಾಯಿ ಹೆಸರು, ಊರ ಹೆಸರು, ಮಕ್ಕಳ ಮುದ್ದಿನ ಹೆಸರು, ಎಲ್ಲ ಅಲ್ಲೇ ಬಿದ್ದಿದೆ. ಮನೆಯವರಿಗಷ್ಟೇ ಗೊತ್ತಿರೋ ಯಾವುದಾದರೂ ಕೋತಿಚೇಷ್ಟೆಯ ನೆನಪು ಆರಿಸಿ, ನನಗೂ ಹೇಳಬೇಡಿ. ಆದರೆ ಗಾಬರಿಯಲ್ಲಿ ಪದ ಮರೆತುಹೋಗುತ್ತೆ. ಅದಕ್ಕೇ ನಾನು ತಿರುಗಿ ಕರೆ ಮಾಡೋದನ್ನೇ ಹೆಚ್ಚು ನಂಬ್ತೀನಿ.

ದೊಡ್ಡಪ್ಪ: ಅಲ್ಲಮ್ಮ, ಇನ್ನೊಂದು ಮಾತು. ಇದರಲ್ಲೆಲ್ಲ ಮೋಸ ಹೋಗೋರು ವ್ಯವಹಾರ ಗೊತ್ತಿಲ್ಲದವರು. ನಾನಾಗಿದ್ದರೆ...

ವಕೀಲೆ: ವರ್ಧಮಾನ್ ಗುಂಪಿನ ಅಧ್ಯಕ್ಷ ಎಸ್.ಪಿ. ಓಸ್ವಾಲ್ ಅವರಿಗೆ ವ್ಯವಹಾರ ಗೊತ್ತಿಲ್ಲವೇ? ಲೂಧಿಯಾನದ ದೊಡ್ಡ ಜವಳಿ ಉದ್ಯಮಿ, ಪದ್ಮಭೂಷಣ. 2024ರಲ್ಲಿ ಅಧಿಕಾರಿಗಳ ಸೋಗಿನವರು ಅವರನ್ನು ವಿಡಿಯೊ ಕಾಲಿನಲ್ಲೇ ‘ಡಿಜಿಟಲ್ ಅರೆಸ್ಟ್’ ಮಾಡಿ 7 ಕೋಟಿ ತೆಗೆದುಕೊಂಡರು. ಮಲಗಿದಾಗಲೂ ಕ್ಯಾಮೆರಾ ಆಫ್ ಮಾಡೋ ಹಾಗಿಲ್ಲ. ಆನ್‌ಲೈನಿನಲ್ಲಿ ಸುಳ್ಳು ಸುಪ್ರೀಂ ಕೋರ್ಟು, ಅದರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರ ಹೆಸರಿನವನೊಬ್ಬ. ಮುಖವೂ ಕಾಣಲಿಲ್ಲ ಅಂತ ಅವರೇ ಆಮೇಲೆ ಹೇಳಿದರು, ಬರೀ ದನಿ, ಸುತ್ತಿಗೆ ಬಡಿದ ಸದ್ದು. ಅಷ್ಟು ಸಾಕಾಯಿತು. ಅವರು ದೂರು ಕೊಟ್ಟಿದ್ದರಿಂದ 5 ಕೋಟಿಗೂ ಹೆಚ್ಚು ಹಣ ವಾಪಸ್ ಬಂತು. ಅಂಥ ಹೆಸರಿನ ಮನುಷ್ಯ ಮರ್ಯಾದೆಗೆ ಅಂಜಿ ಸುಮ್ಮನಿದ್ದಿದ್ದರೆ ಅದೂ ಬರ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಮಾಡಿದ ಉಪಕಾರ ದೊಡ್ಡದು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದು ಇಲ್ಲವೇ ಇಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಅದನ್ನು ಹೇಳಬೇಕಾಯಿತು.

ದೊಡ್ಡಪ್ಪ: ಅವಸರ ಮತ್ತು ಗುಟ್ಟು. ನಾನು ಕೌಂಟರಿನಲ್ಲಿ ನೋಡಿದ ಮೋಸಗಳಲ್ಲೆಲ್ಲ ಇವೆರಡೂ ಜೊತೆಗೇ ಬರ್ತಿದ್ದವು. ಬಾಗಿಲು ಹಾಕೋ ಹೊತ್ತಿಗೆ ಓಡಿಬಂದು ಎಫ್‌ಡಿ ಮುರಿಸಬೇಕು ಅನ್ನೋರು. ಯಾಕೆ ಅಂದರೆ ಮುಖ ತಿರುಗಿಸೋರು. ಮಗನಿಗೆ ಗೊತ್ತಾ ಅಂದರೆ ಗೊತ್ತಾಗೋದು ಬೇಡ ಅನ್ನೋರು. ಆಗ ನಾವು ಬೇಕಂತಲೇ ಕಾಫಿ ತರಿಸ್ತಿದ್ದೆವು. ಕಾಫಿ ಬರೋದರೊಳಗೆ ಅರ್ಧ ಜನ ಬಾಯಿ ಬಿಡ್ತಿದ್ದರು.

ವಕೀಲೆ: ಈಗ ಕೌಂಟರೂ ಇಲ್ಲ, ಕಾಫಿಯೂ ಇಲ್ಲ. ಫೋನಿನಲ್ಲಿ ಪಿನ್ ಒತ್ತಿದರೆ ಹಣ ಹೋಯಿತು. ಎಐ ಬಂದು ಬದಲಾಗಿದ್ದು ವೇಷ ಮಾತ್ರ, ‘ಯಾರಿಗೂ ಹೇಳಬೇಡ’ ಅನ್ನೋ ಮಾತು ಹಾಗೇ ಉಳಿದಿದೆ. ನೀವು ಬೆರಳು ಎಣಿಸೋದು ಬಿಟ್ಟು ಈ ಮಾತಿಗೆ ಕಾಯಿರಿ. ‘ಅಮ್ಮನಿಗೆ ಹೇಳಬೇಡ’, ‘ಲೈನ್ ಕಟ್ ಮಾಡಬೇಡಿ’, ‘ಮನೆಯವರಿಗೆ ತಿಳಿದರೆ ಅವರ ಮೇಲೂ ಕೇಸು’. ಇದು ಬಂತೋ, ಆ ಕಡೆ ಇರೋದು ಅಣ್ಣನ ಮುಖವೇ ಆಗಿರಲಿ, ನ್ಯಾಯಮೂರ್ತಿಯ ಮುಖವೇ ಆಗಿರಲಿ, ಕರೆ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನು. ಸೈಬರ್ ಅಪರಾಧ ನೋಡೋ ನಮ್ಮ ಜಿಲ್ಲೆಯ ಸಿಇಎನ್ ಠಾಣೆಗೆ ನಾಳೆ ಹೋದರಾಯಿತು ಅನ್ನಬಾರದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರ್ತಾ ಇರುತ್ತೆ, ನಡುವೆ ಎಲ್ಲಾದರೂ ತಡೆಹಿಡಿಯೋಕೆ ಸಿಗೋದು ಮೊದಲ ಕೆಲವು ಗಂಟೆ.

ದೊಡ್ಡಪ್ಪ: ಮ್ಯೂಲ್ ಖಾತೆಗಳು. ಕಮಿಷನ್ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು ಬಾಡಿಗೆಗೆ ಕೊಡೋ ಕಾಲೇಜು ಹುಡುಗರು. ಅವರ ಮೇಲೆ ಕೇಸು ಬಿದ್ದಾಗ ಅಪ್ಪಂದಿರು ಬಂದು ಅಳ್ತಾರೆ. ಇರಲಿ. ದುಡ್ಡು ಹೋದರೆ ಹೋಯಿತು ಅನ್ನು. ನನಗೆ ನಿಜವಾದ ಭಯ ಇರೋದು ಮೊಮ್ಮಗಳದ್ದು. ಪಿಯುಸಿಗೆ ಬಂದಿದ್ದಾಳೆ, ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕ್ತಾಳೆ. ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣನ ಮುಖವನ್ನೇ ನಕಲಿ ವಿಡಿಯೊಗೆ ಅಂಟಿಸಿದರಲ್ಲ. ಎಲ್ಲ ಫೋಟೋ ತೆಗೆಸಿ, ಫೋನೂ ಕಿತ್ತಿಡೋಣ ಅಂತ ಸೊಸೆಗೆ ಹೇಳಿದ್ದೇನೆ.

ವಕೀಲೆ: ರಶ್ಮಿಕಾ ಪ್ರಕರಣದಲ್ಲಿ ದೇಹ ಇನ್ನೊಬ್ಬ ಹೆಣ್ಣುಮಗಳದ್ದು, ಬ್ರಿಟನ್ನಿನಲ್ಲಿರೋ ಭಾರತೀಯ ಮೂಲದವಳು. ತನ್ನ ಪಾಡಿಗೆ ತಾನು ಹಾಕಿದ್ದ ವಿಡಿಯೊ ಅದು. 2023ರ ನವೆಂಬರಿನಲ್ಲಿ ಇಬ್ಬರ ಮಾನಕ್ಕೂ ಕೈ ಹಾಕಿದರು, ನಾವು ಒಬ್ಬಳ ಹೆಸರು ಮಾತ್ರ ನೆನಪಿಟ್ಟುಕೊಂಡೆವು. ಮುಂದಿನ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಒಬ್ಬ ಯುವಕನನ್ನು ಹಿಡಿದರು. ಪೊಲೀಸರು ಹೇಳಿದ ಕಾರಣ ಏನು ಗೊತ್ತಾ? ರಶ್ಮಿಕಾ ಅಭಿಮಾನಿ ಪುಟಕ್ಕೆ ಫಾಲೋವರ್ಸ್ ಹೆಚ್ಚಿಸಿಕೊಳ್ಳೋಕೆ. ಅಷ್ಟಕ್ಕೆ.

ದೊಡ್ಡಪ್ಪ: ಅದಕ್ಕೇ ಹೇಳಿದ್ದು, ಫೋಟೋನೇ ಇಲ್ಲದಿದ್ದರೆ...

ವಕೀಲೆ: ಫೋಟೋ ಇಲ್ಲದೆ ಹೇಗೆ ಇರುತ್ತೆ? ಕಾಲೇಜಿನ ವಾರ್ಷಿಕೋತ್ಸವದ ಫೋಟೋ ಕಾಲೇಜಿನವರೇ ಹಾಕಿದ್ದಾರೆ. ಮದುವೆಮನೆಯಲ್ಲಿ ತೆಗೆದದ್ದನ್ನು ಫೋಟೋಗ್ರಾಫರ್ ರೀಲ್ಸ್ ಮಾಡಿದ್ದಾನೆ. ಖಾತೆ ಪ್ರೈವೇಟ್ ಮಾಡಲಿ, ಗೊತ್ತಿಲ್ಲದ ಫಾಲೋವರ್ಸ್ ತೆಗೀಲಿ, ಅದು ಬೇಕು. ಫೋನ್ ಕಿತ್ತುಕೊಂಡರೆ ಅವಳು ಕಲಿಯೋದು ಬೇರೆ. ತಪ್ಪು ಯಾರದ್ದೇ ಆಗಲಿ, ಶಿಕ್ಷೆ ನನಗೇ, ಆದ್ದರಿಂದ ಏನಾದರೂ ಮನೆಯಲ್ಲಿ ಬಾಯಿ ಬಿಡಬಾರದು ಅಂತ. ನನ್ನ ಹತ್ತಿರ ಬರೋ ಹುಡುಗಿಯರು ಹೆಚ್ಚಿನವರು ಗೆಳತಿಯ ಜೊತೆ ಬರ್ತಾರೆ, ಅಪ್ಪನ ಜೊತೆಗಲ್ಲ. ಬರೋ ಹೊತ್ತಿಗೆ ಬೆದರಿಸಿದವನಿಗೆ ದುಡ್ಡು ಕೊಟ್ಟಾಗಿರುತ್ತೆ, ಕಿವಿಯ ಓಲೆ ಅಡವಿಟ್ಟಾಗಿರುತ್ತೆ. ನಕಲಿ ಚಿತ್ರ ಇದು, ಅದು ನೀನಲ್ಲ ಅಂದರೆ ಅಳ್ತಾ ಹೇಳ್ತಾರೆ, ನನಗೆ ಗೊತ್ತು ಮೇಡಂ, ಅಪ್ಪ ನಂಬ್ತಾರಾ ಅಂತ. ಚಿತ್ರ ಮಾಡೋದು ಯಂತ್ರ. ಅದಕ್ಕೆ ಬೆಲೆ ಬರೋದು ಮನೆಯ ಭಯದಿಂದ. ಆ ಭಯ ಇಲ್ಲದ ಮನೆಯ ಹುಡುಗಿಯನ್ನು ಬೆದರಿಸಿ ಅವನಿಗೆ ಏನೂ ಗಿಟ್ಟಲ್ಲ.

ದೊಡ್ಡಪ್ಪ: ನೀನು ಕೋರ್ಟಿನಲ್ಲಿ ವಾದ ಮಾಡಿದ ಹಾಗೆ ಮಾಡ್ತಿದ್ದೀಯ. ಊರಲ್ಲಿ ನಾಲ್ಕು ಜನ ಆಡಿಕೊಂಡರೆ ಅದನ್ನು ಹೊರೋದು ನಾವು.

ವಕೀಲೆ: ಊರಿನ ಕಥೆಯೇ ಹೇಳ್ತೀನಿ. ಸ್ಪೇನಿನಲ್ಲಿ ಅಲ್ಮೆಂದ್ರಲೆಹೊ ಅಂತ ಒಂದು ಸಣ್ಣ ಪಟ್ಟಣ, ಮೂವತ್ತು ಸಾವಿರ ಚಿಲ್ಲರೆ ಜನ. ನಮ್ಮ ತಾಲ್ಲೂಕು ಕೇಂದ್ರದ ಹಾಗೆ, ಎಲ್ಲರಿಗೂ ಎಲ್ಲರೂ ಗೊತ್ತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ನಗ್ನ ಚಿತ್ರಗಳು ಹುಡುಗರ ವಾಟ್ಸ್ಯಾಪಿನಲ್ಲಿ ಓಡಾಡಿದವು. ಹನ್ನೊಂದು ವರ್ಷದ ಮಗುವೂ ಇತ್ತು ಅದರಲ್ಲಿ. ಹಾಕಿದ್ದ ಫೋಟೋಗಳಲ್ಲಿ ಮೈತುಂಬ ಬಟ್ಟೆ, ಬಟ್ಟೆ ತೆಗೆದದ್ದು ಒಂದು ಆ್ಯಪ್. ಹುಡುಗಿಯರು ಮನೆಯಿಂದ ಹೊರಗೆ ಬರೋಕೆ ಹೆದರಿದರು. ಆಗ ಒಬ್ಬ ತಾಯಿ, ಸ್ತ್ರೀರೋಗ ತಜ್ಞೆ, ತನ್ನ ಮಗಳಿಗೂ ಹೀಗಾಗಿದೆ ಅಂತ ಇನ್‌ಸ್ಟಾಗ್ರಾಮಿನಲ್ಲಿ ಬಹಿರಂಗವಾಗಿ ಮಾತಾಡಿದರು. ಹುಡುಗಿಯರೇ, ನಿಮ್ಮ ಅಮ್ಮಂದಿರಿಗೆ ಹೇಳಿ, ಹೆದರಬೇಡಿ ಅಂದರು. ಒಂದೊಂದೇ ಮನೆ ಹೊರಗೆ ಬಂತು. ಪೊಲೀಸರು ಹುಡುಕಿದಾಗ ಮಾಡಿದವರು ಯಾರು? ಅದೇ ಊರಿನ, ಅದೇ ಶಾಲೆಗಳ ಹುಡುಗರು. 2024ರ ಜುಲೈಯಲ್ಲಿ ಬಾಲನ್ಯಾಯಾಲಯ ಹದಿನೈದು ಹುಡುಗರನ್ನು ತಪ್ಪಿತಸ್ಥರು ಅಂದಿತು. ಒಂದು ವರ್ಷದ ನಿಗಾ, ಜೊತೆಗೆ ಹೆಣ್ಣುಮಕ್ಕಳನ್ನು ಹೇಗೆ ಕಾಣಬೇಕು, ಫೋನನ್ನು ಹೇಗೆ ಬಳಸಬೇಕು ಅಂತ ಪಾಠ.

ದೊಡ್ಡಪ್ಪ: ಅದೇ ಶಾಲೆಯ ಹುಡುಗರು.

ವಕೀಲೆ: ಅದಕ್ಕೇ ಕೇಳೋಕೆ ಬಂದೆ. ಮೊಮ್ಮಗಳ ಫೋನಿನ ಚಿಂತೆ ನಿಮಗೆ ಇದೆ. ಮೊಮ್ಮಗನ ಫೋನಿನ ಚಿಂತೆ ಯಾಕಿಲ್ಲ? ಮೊನ್ನೆ ಅವನು ಗಣಿತದ ಮೇಷ್ಟ್ರ ಮುಖ ಹಾಕಿ, ಅವರ ದನಿಯಲ್ಲೇ ಕುಡಿದು ತೂರಾಡೋ ವಿಡಿಯೊ ಮಾಡಿದ್ದನಲ್ಲ. ಮನೆಯವರೆಲ್ಲ ನಕ್ಕಿರಿ. ನೀವು ನಿಮ್ಮ ವಾಕಿಂಗ್ ಗುಂಪಿಗೆ ಫಾರ್ವರ್ಡೂ ಮಾಡಿದಿರಿ.

ದೊಡ್ಡಪ್ಪ: ಹತ್ತನೇ ಕ್ಲಾಸಿನ ಹುಡುಗ. ತಮಾಷೆಗೆ ಮಾಡಿದ.

ವಕೀಲೆ: ಇರಬಹುದು. ಆದರೆ ಇನ್ನೊಬ್ಬರ ಮುಖ ತನ್ನ ಆಟದ ಸಾಮಾನು ಅಂತ ಅವನಿಗೆ ಗೊತ್ತಾಗಿದ್ದು ಅಲ್ಲೇ, ಅದಕ್ಕೆ ಮನೆಯಲ್ಲಿ ಚಪ್ಪಾಳೆಯೂ ಬಿತ್ತು. ನಾಳೆ ಕ್ಲಾಸಿನ ಗುಂಪಿಗೆ ಯಾರೋ ಹುಡುಗಿಯ ಚಿತ್ರ ಬರುತ್ತೆ ಅಂದುಕೊಳ್ಳಿ. ಐಟಿ ಕಾಯ್ದೆಯ 67ಬಿ ಪ್ರಕಾರ ಹದಿನೆಂಟರೊಳಗಿನ ಮಕ್ಕಳ ಅಂಥ ಚಿತ್ರ ಮಾಡೋದು ಮಾತ್ರ ಅಲ್ಲ, ಹುಡುಕೋದು, ಡೌನ್‌ಲೋಡ್ ಮಾಡೋದು, ಹಂಚೋದು ಎಲ್ಲ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಶಿಕ್ಷೆ. ಹುಡುಗ ಚಿಕ್ಕವನಾದರೆ ಬಾಲನ್ಯಾಯ ಮಂಡಳಿ. ‘ನಾನು ಮಾಡಿಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ’ ಅನ್ನೋ ಮಾತು ಅಲ್ಲಿ ನಡೆಯಲ್ಲ.

ದೊಡ್ಡಪ್ಪ: ಮೊಮ್ಮಗಳಿಗೆ ಅಂಥದ್ದು ಏನಾದರೂ ಆಯಿತು ಅನ್ನು, ಬೇಡಪ್ಪ, ಆದರೂ ಅನ್ನು. ಮೊದಲು ಏನು ಮಾಡಬೇಕು?

ವಕೀಲೆ: ಮೊದಲು ಬೈಯಬಾರದು. ‘ಯಾಕೆ ಹಾಕಿದೆ ಫೋಟೋ’ ಅನ್ನೋ ಪ್ರಶ್ನೆ ಆ ದಿನ ಬಾಯಿಂದ ಬರಲೇಬಾರದು. ಬೆದರಿಸಿದವನಿಗೆ ಒಂದು ಪೈಸೆ ಕೊಡಬಾರದು, ಕೊಟ್ಟವರನ್ನೇ ಅವರು ಮತ್ತೆ ಮತ್ತೆ ಕೇಳೋದು. ಗಾಬರಿಯಲ್ಲಿ ಚಾಟ್ ಅಳಿಸಬಾರದು. ನಂಬರು, ಖಾತೆಯ ಹೆಸರು, ಲಿಂಕು, ದಿನಾಂಕ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಫೋನನ್ನು ಹಾಗೇ ಇಡಬೇಕು. ಈಗ ಕೋರ್ಟಿನಲ್ಲಿ ನಿಜವಾದ ಆಡಿಯೊ ಹಾಜರು ಮಾಡಿದರೂ ಎದುರು ಪಕ್ಷದವರು ‘ಇದು ಎಐ’ ಅಂತ ಎದ್ದು ನಿಲ್ತಾರೆ, ಕಳ್ಳನಿಗೂ ಒಂದು ಹೊಸ ನೆಪ ಸಿಕ್ಕಿದೆ. ಮೂಲ ಫೋನು ಇದ್ದರೆ ಆ ಮಾತಿಗೆ ಉತ್ತರ ಕೊಡಬಹುದು. ಆದರೆ ಆ ಚಿತ್ರವನ್ನು ಸಾಕ್ಷಿ ಅಂತ ನೆಂಟರಿಗೆಲ್ಲ ಕಳಿಸೋ ಹಾಗಿಲ್ಲ. ಸರಕಾರದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಹೆಂಗಸರು, ಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಹೆಸರು ಹೇಳದೆಯೂ ದೂರು ಕೊಡಬಹುದು.

ದೊಡ್ಡಪ್ಪ: ಅಷ್ಟರೊಳಗೆ ಚಿತ್ರ ಊರೆಲ್ಲ ಸುತ್ತಿರುತ್ತೆ.

ವಕೀಲೆ: ತೆಗೆಸೋ ದಾರಿ ಇದೆ. 2021ರ ಐಟಿ ನಿಯಮ ಬಂದಾಗಲೇ, ತಿರುಚಿದ ಇಂಥ ಚಿತ್ರಗಳ ದೂರು ಬಂದರೆ 24 ಗಂಟೆಯಲ್ಲಿ ತೆಗೆಯಬೇಕು ಅಂತ ಕಂಪನಿಗಳಿಗೆ ಗಡುವು ಹಾಕಿದರು. ಇನ್ನೊಂದು, ಸ್ಟಾಪ್ ಎನ್‌ಸಿಐಐ ಅಂತ ಒಂದು ಉಚಿತ ಸೇವೆ ಇದೆ. ಹದಿನೆಂಟರೊಳಗಿನವರಿಗೆ ‘ಟೇಕ್ ಇಟ್ ಡೌನ್’. ಚಿತ್ರ ನಮ್ಮ ಫೋನು ಬಿಟ್ಟು ಎಲ್ಲೂ ಹೋಗಲ್ಲ. ಅದರಿಂದ ಅಂಕಿ ಅಕ್ಷರಗಳ ಒಂದು ಗುರುತು ಮಾತ್ರ ಹೋಗುತ್ತೆ, ಆ ಗುರುತಿಗೆ ಹೊಂದೋ ಚಿತ್ರ ಕಂಡರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಂಥವರು ತಡೀತಾರೆ. ಪೂರ್ತಿ ಮದ್ದಲ್ಲ. ಆ ವ್ಯವಸ್ಥೆಗೆ ಸೇರಿದ ಕಂಪನಿಗಳಲ್ಲಿ ಮಾತ್ರ ಕೆಲಸ ಮಾಡುತ್ತೆ, ಚಿತ್ರವನ್ನು ಸ್ವಲ್ಪ ತಿದ್ದಿದರೆ ತಪ್ಪಿಸಿಕೊಳ್ಳಲೂಬಹುದು. ಆದರೂ ಕೈಕಟ್ಟಿ ಕೂತು ಅಳೋದಕ್ಕಿಂತ ಎಷ್ಟೋ ಮೇಲು.

ದೊಡ್ಡಪ್ಪ: ಸೊಸೆಗೆ ಹೇಳ್ತೀನಿ, ಫೋನ್ ಕಿತ್ತುಕೊಳ್ಳೋದು ಬೇಡ ಅಂತ.

ವಕೀಲೆ: ಸೊಸೆಗಲ್ಲ, ಮೊಮ್ಮಗಳಿಗೇ ಹೇಳಿ. ಇಂಥದ್ದು ಬಂದರೆ ತಾತನ ಹತ್ತಿರ ನೇರ ಬಾ, ಬೈಯಲ್ಲ ಅಂತ ಅವಳು ನಿಮ್ಮ ಬಾಯಿಂದಲೇ ಕೇಳಬೇಕು. ಆಮೇಲೆ ಹುಡುಗನನ್ನು ಕರೆಯಿರಿ. ಆ ವಿಡಿಯೊ ಯಾವ ಯಾವ ಗುಂಪಿಗೆ ಹೋಗಿದೆ ಕೇಳಿ, ಅಳಿಸಿಸಿ, ನಿಮ್ಮ ವಾಕಿಂಗ್ ಗುಂಪಿನಿಂದಲೂ. ಮೇಷ್ಟ್ರಿಗೆ ಬೇರೆ ಯಾರಿಂದಲೋ ಗೊತ್ತಾಗೋ ಮೊದಲು ನೀವೇ ಫೋನ್ ಮಾಡಿ, ಅವನ ಕೈಲಿ ಕ್ಷಮೆ ಕೇಳಿಸಿ.

ದೊಡ್ಡಪ್ಪ: ಇವತ್ತು ಭಾನುವಾರ ಕಣಮ್ಮ.

ವಕೀಲೆ: ಭಾನುವಾರ ಮೇಷ್ಟ್ರು ಮನೇಲೇ ಇರ್ತಾರೆ. ಈಗಲೇ ಮಾಡಿ.